ಬೀಜದ ಬೆಳೆ, ಕಂದಿನ ಬೆಳೆ: ತೊಗರಿ, ಕೆಂಬಾಳೆ ಮತ್ತು ತಳಿ ವೈವಿಧ್ಯದ ಪ್ರಶ್ನೆ

ಕಲಬುರಗಿ ಎಂದರೆ ತೊಗರಿ, ಕಮಲಾಪುರ ಎಂದರೆ ಕೆಂಬಾಳೆ. ಎರಡೂ ಊರುಗಳಿಗೆ ಹೊರಗಿನ ಜಗತ್ತಿನಲ್ಲಿ ಗುರುತು ತಂದುಕೊಟ್ಟದ್ದು ಈ ಬೆಳೆಗಳೇ. ಎರಡಕ್ಕೂ ಭೌಗೋಳಿಕ ಸೂಚಿಕೆಯ ಮುದ್ರೆಯೂ ಬಿದ್ದಿದೆ; ಕೆಂಬಾಳೆಗೆ ಮೊದಲು, ಗುಲಬರ್ಗಾ ತೊಗರಿ ಬೇಳೆಗೆ 2019ರಲ್ಲಿ. ಹುಮನಾಬಾದ್ ರಸ್ತೆಯಲ್ಲಿ ಒಂದು ತಾಸಿನ ದಾರಿಯಷ್ಟೇ ಅಂತರವಿರುವ ಈ ಎರಡು ಊರುಗಳ ಬೆಳೆಗಳನ್ನು ಪ್ರಚಾರದ ಫಲಕಗಳು ಒಂದೇ ಸಾಲಿನಲ್ಲಿ ಕೂರಿಸುತ್ತವೆ. ತಳಿಶಾಸ್ತ್ರದ ಲೆಕ್ಕದಲ್ಲಾದರೋ ಇವು ಎರಡು ತುದಿಗಳಲ್ಲಿ ನಿಂತಿವೆ. ತೊಗರಿ ಬೀಜದಿಂದ ಬೀಜಕ್ಕೆ ಸಾಗುವ ಬೆಳೆ. ಜೇನುನೊಣ ಹೊತ್ತು ತಂದ ಪರಾಗದಿಂದ ಪ್ರತಿ ಪೀಳಿಗೆಯಲ್ಲೂ ಅಷ್ಟಿಷ್ಟು ಬೆರಕೆಯಾಗುತ್ತಲೇ ಇರುತ್ತದೆ. ಕೆಂಬಾಳೆಗೆ ಬೀಜವೇ ಇಲ್ಲ. ಕಂದು ಕಿತ್ತು ನೆಟ್ಟರೆ ತಾಯಿಯ ಪಡಿಯಚ್ಚೇ ಮತ್ತೆ ಏಳುತ್ತದೆ. ಕಾಡುಗಿಡವನ್ನು ಮನುಷ್ಯ ಪಳಗಿಸಿದಾಗ ಏನು ದಕ್ಕಿತು, ಏನು ಕೈಬಿಟ್ಟುಹೋಯಿತು, ಹೋದದ್ದನ್ನು ಮರಳಿ ತರಬಹುದೇ ಎಂಬ ದೊಡ್ಡ ಪ್ರಶ್ನೆಯನ್ನು ಅಳೆದು ನೋಡಲು ಇದಕ್ಕಿಂತ ಒಳ್ಳೆಯ ಜೋಡಿ ಸಿಗುವುದು ಕಷ್ಟ. ಈ ಲೇಖನದ ವಾದ ಇಷ್ಟು: ಪಳಗಿಸುವ ಕೆಲಸ ಸಾವಿರಾರು ವರ್ಷಗಳ ಹಿಂದೆ ನಡೆದು ಮುಗಿದದ್ದಲ್ಲ, ಬಿತ್ತನೆ ಬೀಜ ಆರಿಸುವ ಪ್ರತಿ ಕೈಯೂ ಇಂದಿಗೂ ಅದನ್ನು ಮುಂದುವರಿಸುತ್ತಿದೆ. ಹೊಸ ರೋಗ, ಹೊಸ ಹವಾಮಾನ ಎದುರಾದಾಗ ಬೆಳೆಯನ್ನು ಕಾಯುವುದು ಅದರ ಹೆಸರಿನ ಕೆಳಗೆ ಇನ್ನೂ ಉಳಿದಿರುವ ವೈವಿಧ್ಯ. ನಾವು ಹೆಸರಿಗೆ ಕಾವಲು ಹಾಕಿದ್ದೇವೆ, ವೈವಿಧ್ಯಕ್ಕೆ ಹಾಕಿಲ್ಲ.

ಪಳಗಿಸುವುದೆಂದರೆ ಏನೆಂಬುದನ್ನು ಭತ್ತ ಎಲ್ಲಕ್ಕಿಂತ ಸ್ಪಷ್ಟವಾಗಿ ತೋರಿಸಿಕೊಟ್ಟಿದೆ. ಕೆರೆಯಂಚಿನಲ್ಲಿ, ಜೌಗಿನಲ್ಲಿ ತಾನಾಗಿ ಬೆಳೆಯುವ ಕಾಡುಭತ್ತದ ಕಾಳು ಬಲಿತ ಕೂಡಲೇ ಉದುರಿಹೋಗುತ್ತದೆ. ಉದುರುವುದು ಗಿಡದ ಪಾಲಿಗೆ ವಂಶ ಉಳಿಸಿಕೊಳ್ಳುವ ದಾರಿ, ಕೊಯ್ಯುವವನ ಪಾಲಿಗೆ ನಷ್ಟ. ತೆನೆಯಲ್ಲಿ ಉಳಿದ ಕಾಳಷ್ಟೇ ಮನೆಗೆ ಬರುತ್ತದೆ, ಮನೆಗೆ ಬಂದದ್ದೇ ಮುಂದಿನ ವರ್ಷದ ಬೀಜವಾಗುತ್ತದೆ. ಹೀಗೆ ಯಾರೂ ಉದ್ದೇಶಪಟ್ಟು ಆರಿಸದೆಯೇ, ಉದುರದ ಗಿಡಗಳ ಸಂಖ್ಯೆ ಹೊಲದಲ್ಲಿ ಏರುತ್ತಾ ಹೋಯಿತು. ಈ ಬದಲಾವಣೆಯ ಹಿಂದಿರುವ ಎಸ್‌ಎಚ್4 ಎಂಬ ಜೀನನ್ನು 2006ರಲ್ಲಿ ಗುರುತಿಸಿದಾಗ, ಡಿಎನ್‌ಎಯ ಒಂದೇ ಒಂದು ಅಕ್ಷರದ ವ್ಯತ್ಯಾಸ ಕಾಡುಭತ್ತವನ್ನು ಹೊಲದ ಭತ್ತವಾಗಿಸುವುದರಲ್ಲಿ ದೊಡ್ಡ ಪಾತ್ರ ವಹಿಸಿದೆ ಎಂದು ತಿಳಿಯಿತು. ಅದೇ ವರ್ಷ ಅಕ್ಕಿಯ ಬಣ್ಣದ ಗುಟ್ಟೂ ಹೊರಬಿತ್ತು: ಕೆಂಪಕ್ಕಿಯ ಆರ್‌ಸಿ ಜೀನಿನಲ್ಲಿ 14 ಅಕ್ಷರಗಳು ಬಿಟ್ಟುಹೋದದ್ದರಿಂದ ಬಿಳಿ ಅಕ್ಕಿ ಹುಟ್ಟಿತು, ಆ ಒಂದು ತಪ್ಪಚ್ಚು ಇಂದು ಲೋಕದ ಬಹುಪಾಲು ಅನ್ನದ ತಟ್ಟೆಗಳನ್ನು ತುಂಬುತ್ತಿದೆ. ಇಷ್ಟು ಚಿಕ್ಕ ಬದಲಾವಣೆಗಳಿಂದ ಇಷ್ಟು ದೊಡ್ಡ ಲಾಭ ಸಿಕ್ಕಿದ್ದಕ್ಕೆ ಬೆಲೆಯೂ ಇತ್ತು. ಬೇಕಾದ ಗುಣವಿದ್ದ ಕೆಲವೇ ಗಿಡಗಳು ಮುಂದೆ ಹೋದಾಗ, ಉಳಿದ ಗಿಡಗಳಲ್ಲಿದ್ದ ಮಿಕ್ಕೆಲ್ಲ ಗುಣಭೇದಗಳೂ ಹಿಂದೆ ಬಿದ್ದವು. ಪಳಗಿಸುವಿಕೆ ಒಂದು ಜರಡಿ. ಕಲ್ಲಿನ ಜೊತೆಗೆ ಎಷ್ಟೋ ಒಳ್ಳೆಯ ಕಾಳೂ ಅದರಿಂದಾಚೆ ಹೋಗುತ್ತದೆ. ಆದರೂ ಏಷ್ಯಾದ ಭತ್ತದ ಭಂಡಾರ ಬರಿದಾಗಲಿಲ್ಲ. 2018ರಲ್ಲಿ 3,010 ಭತ್ತದ ತಳಿಗಳ ಜೀನೋಮನ್ನು ಓದಿ ಹೋಲಿಸಿದಾಗ, ರೈತರು ಊರೂರಲ್ಲಿ ಕಾಪಾಡಿಕೊಂಡು ಬಂದ ಭೇದಗಳು ಅಪಾರವೆಂದು ಕಂಡಿತು. ಮೊದಲ ಜರಡಿಯಲ್ಲಿ ಕಳೆದದ್ದನ್ನು ಸಾವಿರಾರು ವರ್ಷಗಳ ಒಕ್ಕಲುತನ ಭಾಗಶಃ ತುಂಬಿಕೊಟ್ಟಿತ್ತು.

ತೊಗರಿಯ ಕಥೆ ಭತ್ತದಷ್ಟು ಪ್ರಸಿದ್ಧವಲ್ಲ, ನಮ್ಮ ಸೀಮೆಗೆ ಮಾತ್ರ ಹೆಚ್ಚು ಹತ್ತಿರದ್ದು. ಈಜಿಪ್ಟಿನ ಸಮಾಧಿಯೊಂದರಲ್ಲಿ ಸಿಕ್ಕಿತೆನ್ನಲಾದ ಕಾಳಿನ ಬಲದ ಮೇಲೆ ತೊಗರಿಯ ತವರು ಆಫ್ರಿಕಾ ಎಂದು ವಾದಿಸಿದವರು ಬಹಳ ಮಂದಿ ಇದ್ದರು. 1980ರ ದಶಕದಲ್ಲಿ ಡಚ್ ಸಸ್ಯಶಾಸ್ತ್ರಜ್ಞ ಫಾನ್ ಡರ್ ಮೇಸೆನ್ ಈ ವಾದವನ್ನು ಮುಗಿಸಿದರು. ತೊಗರಿಯ ಕಾಡುಬಂಧುಗಳಲ್ಲಿ ಹೆಚ್ಚಿನವು ಏಷ್ಯಾ ಮತ್ತು ಆಸ್ಟ್ರೇಲಿಯಾದಲ್ಲಿವೆ, ಪಶ್ಚಿಮ ಆಫ್ರಿಕಾಕ್ಕೆ ಸೀಮಿತವಾದದ್ದು ಒಂದೇ ಒಂದು. ತೊಗರಿಗೆ ಎಲ್ಲಕ್ಕಿಂತ ಹತ್ತಿರದ ಕಜಾನಸ್ ಕಜಾನಿಫೋಲಿಯಸ್ ಎಂಬ ಕಾಡುಗಿಡವಂತೂ ಪೂರ್ವ ಭಾರತದ, ಅಂದರೆ ಬಸ್ತರ್, ಒಡಿಶಾ ಕಡೆಯ ಕಾಡಂಚಿನಲ್ಲಿ ಮುಖ್ಯವಾಗಿ ಬೆಳೆಯುತ್ತದೆ. ಇವೆರಡರ ನಡುವಿನ ವ್ಯತ್ಯಾಸ ಬೀಜವನ್ನು ಅಂಗೈಯಲ್ಲಿಟ್ಟು ನೋಡಿದರೆ ತಿಳಿಯುತ್ತದೆ: ಕಾಡುಬೀಜ ಸಣ್ಣದು, ಕಪ್ಪು ಛಾಯೆಯದು, ತೊಟ್ಟಿನ ಜಾಗದಲ್ಲಿ ಎದ್ದು ಕಾಣುವ ಬಿಳಿಚು ಗುಬುಟು ಇರುತ್ತದೆ; ಹೊಲದ ತೊಗರಿಯಲ್ಲಿ ಆ ಗುಬುಟು ಅಳಿಸಿಹೋಗಿದೆ, ಕಾಳು ದಪ್ಪವಾಗಿದೆ. ಉತ್ಖನನದ ಪುರಾವೆಯೂ ಇದಕ್ಕೆ ಹೊಂದುತ್ತದೆ. ಒಡಿಶಾದ ಗೋಪಾಲಪುರ, ಗೋಲ್‌ಬಾಯಿ ಸಾಸನ್ ನೆಲೆಗಳಲ್ಲೂ ನಮ್ಮ ಬಳ್ಳಾರಿ ಬಳಿಯ ಸಂಗನಕಲ್ಲಿನಲ್ಲೂ ಸುಟ್ಟು ಇದ್ದಿಲಾದ ತೊಗರಿ ಕಾಳುಗಳು ದೊರೆತಿವೆ. ದಕ್ಷಿಣದ ಬೂದಿದಿಬ್ಬಗಳ ಕಾಲದ ಜನ ಮೊದಲು ಬೆಳೆದದ್ದು ಹುರುಳಿ, ಹೆಸರು, ಕೊರಲೆಯಂಥ ಸಿರಿಧಾನ್ಯ. ತೊಗರಿ ಪೂರ್ವದಿಂದ ಬಂದು ಸೇರಿದ್ದು ಅನಂತರ, ಸುಮಾರು 3500 ವರ್ಷಗಳಿಂದೀಚೆಗೆ. ಅಂದಮೇಲೆ ಕಲಬುರಗಿ ತೊಗರಿಯ ತವರಲ್ಲ, ಸಾಕುಮನೆ. ಕರಿಮಣ್ಣು, ಅದರಡಿಯ ಸುಣ್ಣಕಲ್ಲು, ಮುಂಗಾರಿನಲ್ಲಿ ಬಿತ್ತಿ ಚಳಿಗಾಲದಲ್ಲಿ ರಾಶಿ ಮಾಡುವ ಹವಾಮಾನ, ಇಲ್ಲಿಯ ಅಡುಗೆಯ ರುಚಿ, ಇವೆಲ್ಲ ಸೇರಿ ವಲಸೆ ಬಂದ ಗಿಡವನ್ನು ಈ ನೆಲದ ಗಿಡವಾಗಿ ತಿದ್ದಿದವು.

ಹೀಗೆ ತಿದ್ದಿದರೂ ತೊಗರಿ ಪೂರ್ತಿ ಪಳಗಲಿಲ್ಲ. ಅದು ಹುಟ್ಟಿನಿಂದ ಬಹುವಾರ್ಷಿಕ ಪೊದೆ. ಒಂದೇ ಬೆಳೆಗೆ ಕಡಿದು ಮುಗಿಸುವುದು ನಮ್ಮ ರೂಢಿಯೇ ಹೊರತು ಗಿಡದ ಸ್ವಭಾವವಲ್ಲ. ಹೂ ಬಿಡುವುದು ಹಗಲಿನ ಉದ್ದ ಕಡಿಮೆಯಾದ ಮೇಲೆಯೇ. ಬಿಟ್ಟ ಹೂವಿನಲ್ಲಿ ಬಹುಪಾಲು ಉದುರಿ, ಉಳಿದದ್ದಷ್ಟೇ ಕಾಯಾಗುತ್ತದೆ. ಒಂದೇ ಗಿಡದಲ್ಲಿ ಒಣಗಿದ ಕಾಯಿ, ಹಸಿ ಕಾಯಿ, ಹೂ ಮೂರೂ ಒಟ್ಟಿಗೆ ಕಾಣುವುದುಂಟು. ಎಲ್ಲಕ್ಕಿಂತ ಮುಖ್ಯವಾಗಿ, ಬೇಳೆಕಾಳುಗಳಲ್ಲಿ ಹೆಚ್ಚಿನವು ತಮ್ಮೊಳಗೇ ಪರಾಗಸ್ಪರ್ಶ ಮುಗಿಸಿಕೊಂಡರೆ, ತೊಗರಿಯ ಹಳದಿ ಹೂವಿಗೆ ಜೇನು ಬಂದೇ ಬರುತ್ತದೆ. ಪರಕೀಯ ಪರಾಗಸ್ಪರ್ಶದ ಪ್ರಮಾಣ ಊರಿಂದೂರಿಗೆ, ಜೇನಿನ ಸಂಖ್ಯೆಗೆ ತಕ್ಕಂತೆ ಬದಲಾಗುತ್ತದೆ, ಶೇ. 20ರ ಆಸುಪಾಸು ಸಾಮಾನ್ಯ. ಸಂಶೋಧನಾ ಕೇಂದ್ರಗಳ ತಾಕುಗಳಲ್ಲಿ ತೊಗರಿ ಗಿಡಗಳಿಗೆ ಪರದೆ ಕಟ್ಟಿರುವುದು ಇದೇ ಕಾರಣಕ್ಕೆ: ಕಟ್ಟದಿದ್ದರೆ ತಳಿ ಶುದ್ಧವಾಗಿ ಉಳಿಯುವುದಿಲ್ಲ. ತಳಿ ತಯಾರಕರಿಗೆ ತಲೆನೋವಾದ ಈ ಬೆರಕೆಯೇ ಒಕ್ಕಲಿಗರ ಹೊಲದಲ್ಲಿ ವೈವಿಧ್ಯದ ಮೂಲವಾಗಿತ್ತು. ಅದಕ್ಕೆ ಬೇಡಿಕೆಯೂ ಇತ್ತು. ಎಳ್ಳ ಅಮಾವಾಸ್ಯೆಯ ಬಜ್ಜಿಗೆ ಹಸಿಕಾಳು ಬೇಕು, ಮನೆಯ ಬೀಸುಕಲ್ಲಿಗೆ ಸಿಪ್ಪೆ ಬೇಗ ಬಿಡುವ ಕಾಳು ಬೇಕು, ಒಲೆಗೆ ದಪ್ಪ ಕಟ್ಟಿಗೆ ಬೇಕು, ಜೋಳದ ಸಾಲುಗಳ ನಡುವೆ ನಿಂತು ಆಮೇಲೆ ಹರಡುವ ಗಿಡ ಬೇಕು. ಬಿಳಿ ಕಾಳು, ಕೆಂಪು ಕಾಳು, ಮಚ್ಚೆ ಕಾಳು ಒಂದೊಂದೂ ಒಂದೊಂದು ಅಗತ್ಯಕ್ಕೆ ಉಳಿದುಕೊಂಡವು. ವೈವಿಧ್ಯವನ್ನು ಯಾರೂ ಸಂರಕ್ಷಣೆಯ ಹೆಸರಿನಲ್ಲಿ ಉಳಿಸಲಿಲ್ಲ, ಬಳಸುವ ದಾರಿಗಳು ಹಲವಿದ್ದುದರಿಂದ ಅದು ಉಳಿಯಿತು.

ಹಾಗಾದರೆ ಅದು ಕುಗ್ಗಿದ್ದು ಯಾವಾಗ? ಜೀನೋಮಿನ ಲೆಕ್ಕ ಎರಡು ಹಂತಗಳನ್ನು ತೋರಿಸುತ್ತದೆ. ಪಟಾನ್‌ಚೆರುವಿನ ಇಕ್ರಿಸ್ಯಾಟ್ ಸಂಶೋಧನಾ ಸಂಸ್ಥೆಯ ಮುಂದಾಳತ್ವದ ತಂಡ 'ಆಶಾ' ಎಂಬ ತೊಗರಿ ತಳಿಯ ಜೀನೋಮಿನ ಕರಡನ್ನು 2011ರ ಕೊನೆಯಲ್ಲಿ ಪ್ರಕಟಿಸಿತು. 48,680 ಜೀನುಗಳ ಅಂದಾಜು ಸಿಕ್ಕಿತು. ಭಾರತೀಯ ಕೃಷಿ ವಿಜ್ಞಾನಿಗಳ ಇನ್ನೊಂದು ತಂಡವೂ ಅದೇ ತಳಿಯ ಮೇಲೆ ಅದೇ ವರ್ಷ ಕೆಲಸ ಮಾಡಿತ್ತು. 2017ರಲ್ಲಿ ಸುಧಾರಿತ ತಳಿ, ದೇಸಿ ತಳಿ, ಕಾಡುಬಂಧು ಎಲ್ಲ ಸೇರಿ 292 ಮಾದರಿಗಳನ್ನು ಹೋಲಿಸಿದಾಗ ಚಿತ್ರ ಸ್ಪಷ್ಟವಾಯಿತು. ಕಾಡಿನಿಂದ ಹೊಲಕ್ಕೆ ಬರುವಾಗ ಒಮ್ಮೆ ವೈವಿಧ್ಯ ಬಿದ್ದಿದೆ. ದೇಸಿ ತಳಿಗಳಿಂದ ಆಧುನಿಕ ತಳಿಗಳಿಗೆ ಬರುವಾಗ ಮತ್ತೊಮ್ಮೆ. ಮೊದಲ ಕುಸಿತಕ್ಕೆ ನೂರಾರು ತಲೆಮಾರು ಹಿಡಿದಿದ್ದರೆ ಎರಡನೆಯದು ನಮ್ಮ ಅಜ್ಜಂದಿರ ಕಾಲದಿಂದೀಚೆಗೆ ನಡೆದದ್ದು. ಅದಕ್ಕೆ ಕಾರಣವೂ ಕಣ್ಣೆದುರಿಗಿದೆ. ಇಂದು ತೊಗರಿಯ ದೊಡ್ಡ ಗಿರಾಕಿ ಬೇಳೆ ಮಿಲ್ಲು. ಮಿಲ್ಲಿಗೆ ಒಂದೇ ಗಾತ್ರದ, ಒಂದೇ ಬಣ್ಣದ ಕಾಳು ಬೇಕು. ರೈತನಿಗೆ ಒಟ್ಟಿಗೆ ಬಲಿತು ಒಟ್ಟಿಗೆ ರಾಶಿಗೆ ಬರುವ, ಐದು ತಿಂಗಳಲ್ಲಿ ಮುಗಿಯುವ ತಳಿ ಬೇಕು. ಆದ್ದರಿಂದ ಲಕ್ಷಗಟ್ಟಲೆ ಹೆಕ್ಟೇರಿನ ಈ ಜಿಲ್ಲೆಯಲ್ಲಿ ಬಿತ್ತನೆಯ ಮಾತು ಬಂದರೆ ಕೇಳಿಬರುವುದು ಬೆರಳೆಣಿಕೆಯ ಹೆಸರುಗಳು: ಮಾರುತಿ, ಆಶಾ, ಬಿಎಸ್‌ಎಂಆರ್-736, ಟಿಎಸ್-3ಆರ್, ಜಿಆರ್‌ಜಿ-811.

ಈ ಹೆಸರುಗಳನ್ನು ಹೀಗಳೆಯುವುದು ಅನ್ಯಾಯ. ತೊಗರಿಯ ಇತ್ತೀಚಿನ ಚರಿತ್ರೆ ಎಂದರೆ ನೆಟೆ ರೋಗದ ಜೊತೆಗಿನ ಹೋರಾಟದ ಚರಿತ್ರೆ. ಮಣ್ಣಿನಲ್ಲಿ ವರ್ಷಗಟ್ಟಲೆ ಬದುಕಿರುವ ಫ್ಯುಸೇರಿಯಂ ಉಡುಮ್ ಎಂಬ ಶಿಲೀಂಧ್ರ ಬೇರಿನಿಂದ ಒಳಹೊಕ್ಕು ನೀರು ಹರಿಯುವ ನಾಳಗಳನ್ನು ಕಟ್ಟಿಬಿಡುತ್ತದೆ. ಹೂ, ಕಾಯಿ ತುಂಬಿದ ಗಿಡ ನಿಂತಲ್ಲೇ ಒಣಗುತ್ತದೆ. ಕಾಂಡವನ್ನು ಉದ್ದಕ್ಕೆ ಸೀಳಿದರೆ ಒಳಗೆ ಕಂದುಗಪ್ಪು ಗೆರೆಗಳು ಕಾಣುತ್ತವೆ. ಔಷಧಿ ಹೊಡೆದು ಇದನ್ನು ಗೆಲ್ಲಲಾಗದು, ತಡೆಯುವ ಗುಣ ಗಿಡದಲ್ಲೇ ಇರಬೇಕು. 1980ರ ದಶಕದಲ್ಲಿ ಕರ್ನಾಟಕದ ರೈತರ ಕೈಗೆ ಬಂದ ಮಾರುತಿ ತಳಿಗೆ ಆ ಗುಣವಿತ್ತು. ಅದನ್ನು ಪ್ರಯೋಗಶಾಲೆಯಲ್ಲಿ ಹೊಸದಾಗಿ ಸೃಷ್ಟಿಸಿದ್ದಲ್ಲ, ಸಂಗ್ರಹಿಸಿಟ್ಟಿದ್ದ ದೇಸಿ ತಳಿಯೊಂದರ ಗಿಡಗಳನ್ನು ರೋಗವಿರುವ ಮಣ್ಣಿನಲ್ಲಿ ಬೆಳೆಸಿ, ಬದುಕಿ ಉಳಿದ ಗಿಡವನ್ನು ಆರಿಸಿ ಪಡೆದದ್ದು. ಯಾವುದೋ ಊರಿನ ರೈತರು ಕಾರಣ ತಿಳಿಯದೆಯೇ ಉಳಿಸಿಕೊಂಡು ಬಂದ ಒಂದು ಭೇದ ಲಕ್ಷಾಂತರ ಎಕರೆಯನ್ನು ಕಾಪಾಡಿತು. ಆದರೆ ಅದೇ ಮಾರುತಿ ನುಸಿಯಿಂದ ಹರಡುವ ಗೊಡ್ಡು ರೋಗಕ್ಕೆ ತೀರಾ ಸುಲಭದ ತುತ್ತು. ಎಷ್ಟೆಂದರೆ ಆ ರೋಗದ ಪರೀಕ್ಷೆಗಳಲ್ಲಿ ವಿಜ್ಞಾನಿಗಳು ಅದನ್ನು ಬೇಗ ಸೋಲುವ ತಳಿಯ ಮಾದರಿಯಾಗಿ ಬಳಸುತ್ತಾರೆ. ಎರಡಕ್ಕೂ ಜಗ್ಗದ ಆಶಾ, ಬೇಗ ಬಲಿಯುವ ಟಿಎಸ್-3ಆರ್ ಆಮೇಲೆ ಬಂದವು. ಇಷ್ಟೆಲ್ಲ ಆದ ಮೇಲೂ 2022ರಲ್ಲಿ ಮಳೆ ಹೆಚ್ಚಾಗಿ ಹೊಲದಲ್ಲಿ ನೀರು ನಿಂತ ಕಡೆಗಳಲ್ಲಿ ಕಲಬುರಗಿ ಜಿಲ್ಲೆಯ ತೊಗರಿ ದೊಡ್ಡ ಪ್ರಮಾಣದಲ್ಲಿ ನೆಟೆಗೆ ಬಲಿಯಾಗಿ, ಸರಕಾರ ವಿಶೇಷ ಪರಿಹಾರ ಘೋಷಿಸಬೇಕಾಯಿತು. ಯಾವ ತಳಿಯೂ ಕೊನೆಯ ಉತ್ತರವಲ್ಲ, ಏಕೆಂದರೆ ಶಿಲೀಂಧ್ರವೂ ಬದಲಾಗುತ್ತದೆ, ಮಳೆಯ ಲಯವೂ ಬದಲಾಗುತ್ತದೆ. ಮುಂದಿನ ಉತ್ತರವನ್ನು ಹುಡುಕಲು ಭೇದಗಳ ರಾಶಿ ಉಳಿದಿದೆಯೇ ಎಂಬುದೇ ಪ್ರಶ್ನೆ.

ಆ ರಾಶಿಯ ದೊಡ್ಡ ಪಾಲು ಕಾಡಿನಲ್ಲಿದೆ. ತೊಗರಿಯ ಇನ್ನೊಂದು ಬಂಧು, ಬಳ್ಳಿಯಂತೆ ಹಬ್ಬುವ ಕಜಾನಸ್ ಸ್ಕ್ಯಾರಬಿಯಾಯ್ಡಿಸ್, ಭಾರತದ ಬಹಳ ಕಡೆ ಬೇಲಿ, ಬೋರೆಗಳಲ್ಲಿ ಸಿಗುತ್ತದೆ. ಅದರ ಕಾಯಿಯ ಮೇಲೆ ಒತ್ತಾಗಿ ಹಬ್ಬಿದ ರೋಮಗಳಿಂದಾಗಿ ಕಾಯಿಕೊರಕದ ಮರಿಹುಳು ಒಳಹೋಗಲು ಹೆಣಗಬೇಕು. ಹೊಲದ ತೊಗರಿಯ ಕಾಯಿಗೆ ಆ ಕವಚ ಇಲ್ಲ, ಅದರ ಬದಲಿಗೆ ನಾವು ಕೀಟನಾಶಕ ಹೊಡೆಯುತ್ತೇವೆ. ಹೊಲದ ತೊಗರಿಯಲ್ಲಿ ಪ್ರೋಟೀನು ಶೇ. 20-22ರಷ್ಟಿದ್ದರೆ ಕೆಲವು ಕಾಡುಬಂಧುಗಳಲ್ಲಿ ಶೇ. 28ರಿಂದ 30ರವರೆಗೆ ಇದೆ. ಹೆಚ್ಚು ಅಚ್ಚರಿಯ ಉದಾಹರಣೆ ಹೈಬ್ರಿಡ್ ತೊಗರಿಯದು. ಹೈಬ್ರಿಡ್ ಬೀಜ ಮಾಡಲು ಪರಾಗವಿಲ್ಲದ ಹೆಣ್ಣು ಸಾಲು ಬೇಕು. ಆ ಗುಣ ಸಿಕ್ಕಿದ್ದು ಕಜಾನಿಫೋಲಿಯಸ್ ಎಂಬ ಆ ಪೂರ್ವಜ ಸಂಬಂಧಿಯ ಕೋಶರಸದಲ್ಲಿ. ಅದರ ಬಲದಿಂದ ತಯಾರಾದ ಐಸಿಪಿಎಚ್-2671 ಎಂಬ ಹೈಬ್ರಿಡ್ 2010ರಲ್ಲಿ ಮಧ್ಯಪ್ರದೇಶದಲ್ಲಿ ಬಿಡುಗಡೆಯಾಯಿತು. ಸಾವಿರಾರು ವರ್ಷಗಳ ಹಿಂದೆ ಬಿಟ್ಟುಬಂದ ಬಂಧುವಿನ ಬಾಗಿಲಿಗೆ ಮರಳಿ ಹೋಗಲು ತೊಗರಿಗೆ ಸಾಧ್ಯವಾದದ್ದು ಅದು ಇನ್ನೂ ಬೀಜ ಕಟ್ಟುವ, ಬೆರಕೆಯಾಗುವ ಗಿಡವಾದ್ದರಿಂದ.

ಕೆಂಬಾಳೆಗೆ ಈ ಬಾಗಿಲು ಮುಚ್ಚಿದೆ. ಕಾಡುಬಾಳೆಯ ಹಣ್ಣಿನ ತುಂಬ ಮೆಣಸಿನಕಾಳಿನಂಥ ಕರಿಯ, ಗಟ್ಟಿ ಬೀಜಗಳು, ತಿರುಳು ನೆಪಕ್ಕೆ. ಪರಾಗಸ್ಪರ್ಶವಿಲ್ಲದೆಯೇ ಹಣ್ಣು ತುಂಬುವ, ಬೀಜ ಕಟ್ಟದ ಅಪರೂಪದ ಗಿಡಗಳನ್ನು ಆಗ್ನೇಯ ಏಷ್ಯಾ ಮತ್ತು ನ್ಯೂಗಿನಿಯ ಜನ ಗುರುತಿಸಿ, ಅವುಗಳ ಕಂದನ್ನು ಕೈಯಿಂದ ಕೈಗೆ ದಾಟಿಸಿದರು. ನ್ಯೂಗಿನಿಯ ಕುಕ್ ಜೌಗು ನೆಲದಲ್ಲಿ ಸುಮಾರು 7000 ವರ್ಷ ಹಿಂದೆಯೇ ಬಾಳೆ ಕೃಷಿ ಇದ್ದುದಕ್ಕೆ ಕುರುಹುಗಳಿವೆ. ಸಿಮ್ಮಂಡ್ಸ್ ಮತ್ತು ಶೆಫರ್ಡ್ 1955ರಲ್ಲಿ ರೂಪಿಸಿದ ವರ್ಗೀಕರಣದ ಪ್ರಕಾರ ತಿನ್ನುವ ಬಾಳೆಗಳಲ್ಲಿ ಹೆಚ್ಚಿನವು ಎರಡು ಕಾಡುಜಾತಿಗಳ ಸಂತಾನ: ಮ್ಯೂಸಾ ಅಕ್ಯುಮಿನಾಟಾ 'ಎ', ಮ್ಯೂಸಾ ಬಾಲ್ಬಿಸಿಯಾನಾ 'ಬಿ'. ಕೆಂಬಾಳೆ, ಅಂದರೆ ಕೇರಳದ ಚೆಂಕದಳಿ, ತಮಿಳುನಾಡಿನ ಸೆವ್ವಾಳೈ, ನಮ್ಮ ಬೇರೆ ಕಡೆಯ ಚಂದ್ರಬಾಳೆ, ಸೇರುವುದು 'ಎಎಎ' ಗುಂಪಿಗೆ. 11 ವರ್ಣತಂತುಗಳ ಮೂರು ಕಟ್ಟು, ಒಟ್ಟು 33. ಬೀಜಕ್ಕೆ ಬೇಕಾದ ಕೋಶ ಹುಟ್ಟಲು ವರ್ಣತಂತುಗಳು ಜೋಡಿಯಾಗಿ ಬೇರ್ಪಡಬೇಕು; ಮೂರು ಕಟ್ಟಿದ್ದರೆ ಜೋಡಿ ಕೂಡದು, ಬೀಜ ಕಟ್ಟದು. ಹಣ್ಣನ್ನು ಅಡ್ಡ ಕೊಯ್ದರೆ ನಡುವೆ ಕಾಣುವ ಕರಿಚುಕ್ಕೆಗಳಷ್ಟೇ ಬೀಜವಾಗಬೇಕಿದ್ದ ಅಂಡಗಳ ಪಳೆಯುಳಿಕೆ. ಸಿಹಿ, ಪರಿಮಳ, ಬಣ್ಣ ಚೆನ್ನಾಗಿರುವ ಈ ಹಣ್ಣನ್ನು ತಿನ್ನುವವರಿಗೆ ಅದು ವರ. ಗಿಡಕ್ಕೆ ಅದು ವಿಕಾಸದ ದಾರಿ ಕಡಿದುಹೋದ ಸ್ಥಿತಿ. ಕಮಲಾಪುರದ ತೋಟವೊಂದರ ನೂರು ಗಿಡಗಳು ನೂರು ವ್ಯಕ್ತಿಗಳಲ್ಲ, ಒಂದೇ ವ್ಯಕ್ತಿಯ ನೂರು ಪ್ರತಿಗಳು.

ಪ್ರತಿಗಳಲ್ಲೂ ಆಗೀಗ ಬದಲಾವಣೆ ಆಗುತ್ತದೆ ಎಂಬುದು ನಿಜ. ಕೆಂಬಾಳೆಯ ತೋಟದಲ್ಲಿ ಒಮ್ಮೊಮ್ಮೆ ಹಸಿರು ಕಾಂಡದ, ಹಸಿರು ಗೊನೆಯ ಗಿಡ ಏಳುವುದುಂಟು. ಕಂದು ಮೊಳೆಯುವಾಗ ಬಣ್ಣದ ಗುಣ ಜಾರಿದ್ದರ ಫಲ ಅದು. ಕೆಂಬಾಳೆ ಬೆಳೆಯುವವರು ಅಂಥ ಗಿಡವನ್ನು ಕಿತ್ತೆಸೆಯುತ್ತಾರೆ, ಬೆಲೆ ಇರುವುದು ಕೆಂಪಿಗೇ ತಾನೆ. ಲೋಕದ ಬಾಳೆಗಳಲ್ಲಿ ಕಾಣುವ ನೂರಾರು ಹೆಸರುಗಳಲ್ಲಿ ಎಷ್ಟೋ ಹೀಗೆ ಕಂದಿನ ಬದಲಾವಣೆಯಿಂದ ಬಂದವೇ. ಆದರೆ ಈ ದಾರಿ ನಿಧಾನದ್ದು. ಎರಡು ಗಿಡಗಳ ಒಳ್ಳೆಯ ಗುಣಗಳನ್ನು ಕೂಡಿಸುವ ಶಕ್ತಿ ಇದಕ್ಕಿಲ್ಲ. ಇದರ ಪರಿಣಾಮವನ್ನು ಲೋಕ ಒಮ್ಮೆ ಕಂಡಿದೆ. ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ಅಂತರರಾಷ್ಟ್ರೀಯ ವ್ಯಾಪಾರವನ್ನು ಆಳಿದ ಗ್ರೋ ಮಿಷೆಲ್ ಬಾಳೆಯೂ 'ಎಎಎ' ಗುಂಪಿನದೇ. ಮಧ್ಯ ಅಮೆರಿಕದ ತೋಟಗಳಲ್ಲಿ ಪನಾಮಾ ಸೊರಗು ರೋಗ ಹಬ್ಬಿದಾಗ ಒಂದು ಗಿಡಕ್ಕೆ ಬಂದದ್ದು ಎಲ್ಲ ಗಿಡಕ್ಕೂ ಬಂತು. 1960ರ ಹೊತ್ತಿಗೆ ಆ ವ್ಯಾಪಾರ ಕ್ಯಾವೆಂಡಿಶ್ ಎಂಬ ಇನ್ನೊಂದು ಪಡಿಯಚ್ಚಿಗೆ ವರ್ಗವಾಯಿತು. ಈಗ ಅದೇ ರೋಗದ ಟಿಆರ್-4 ಎಂಬ ರೂಪ ಕ್ಯಾವೆಂಡಿಶ್ ಅನ್ನೂ ಕೊಲ್ಲುತ್ತಿದೆ, ಬಿಹಾರದ ತೋಟಗಳಲ್ಲೂ ಕಾಣಿಸಿಕೊಂಡಿದೆ. ಗಮನಿಸಬೇಕಾದ ಸಂಗತಿ ಎಂದರೆ ಪನಾಮಾ ರೋಗದ ಶಿಲೀಂಧ್ರವೂ ಫ್ಯುಸೇರಿಯಂ ಕುಲದ್ದೇ, ತೊಗರಿಯ ನೆಟೆಯ ಹತ್ತಿರದ ನೆಂಟ. ಒಂದೇ ಬಗೆಯ ಶತ್ರು ಎರಡು ಬೆಳೆಗಳ ಮೇಲೆ ಬಿದ್ದಾಗ, ಬೀಜದ ಬೆಳೆ ತನ್ನ ದೇಸಿ ರಾಶಿಯಲ್ಲಿ ಉತ್ತರ ಹುಡುಕಿಕೊಂಡಿತು. ಕಂದಿನ ಬೆಳೆ ಹೊಲವನ್ನೇ ಬಿಟ್ಟುಕೊಡಬೇಕಾಯಿತು. ಇಡೀ ವಾದದ ತಿರುಳು ಈ ಹೋಲಿಕೆಯಲ್ಲಿದೆ.

ಇಲ್ಲಿ ಭೌಗೋಳಿಕ ಸೂಚಿಕೆಯ ಮಾತು ಬರುತ್ತದೆ. ಆ ಕಾನೂನು ಮಾಡುವ ಕೆಲಸ ಚಿಕ್ಕದಲ್ಲ. ಬೇರೆ ಕಡೆಯ ಸರಕಿಗೆ ಕಲಬುರಗಿಯ, ಕಮಲಾಪುರದ ಹೆಸರು ಹಚ್ಚಿ ಮಾರದಂತೆ ತಡೆಯುತ್ತದೆ, ಬೆಲೆಯಲ್ಲಿ ರೈತನಿಗೆ ಪಾಲು ಸಿಗುವ ದಾರಿ ತೆರೆಯುತ್ತದೆ. ಆದರೆ ಅದು ಕಾಯುವುದು ಸರಕಿನ ಹೆಸರು ಮತ್ತು ಗುಣಮಟ್ಟವನ್ನು. ಆ ಹೆಸರಿನ ಹಿಂದೆ ಎಷ್ಟು ತಳಿ ಉಳಿದಿವೆ ಎಂದು ಅದು ಕೇಳುವುದಿಲ್ಲ. ಹೆಸರು ಬೆಲೆ ತಂದಷ್ಟೂ ಗಿರಾಕಿ ಬಯಸುವ ಒಂದೇ ರೂಪದ ಕಡೆಗೆ ಎಲ್ಲರೂ ಜರುಗುವ ಸಾಧ್ಯತೆಯೂ ಇದೆ. ಕಮಲಾಪುರದ ಅನುಭವ ಇನ್ನೂ ಕಠಿಣ ಪಾಠ: ಸೂಚಿಕೆ ಸಿಕ್ಕಿದ್ದರೂ ಗೊನೆ ಕೈಗೆ ಬರಲು ಸುಮಾರು ಒಂದೂವರೆ ವರ್ಷ ಹಿಡಿಯುವ, ನೀರು ಹೆಚ್ಚು ಬೇಡುವ ಕೆಂಬಾಳೆ ಕೆಲವೇ ಊರುಗಳ ಕೆಲವೇ ತೋಟಗಳಿಗೆ ಕುಗ್ಗಿದೆ. ಹೆಸರು ಗಟ್ಟಿಯಾಗಿ ನಿಂತಿರುವಾಗಲೇ ಬೆಳೆ ಸವೆಯಬಹುದು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಈ ವಾದಕ್ಕೆ ಎದುರಾಗುವ ಮೊದಲ ಆಕ್ಷೇಪ: ವೈವಿಧ್ಯ ಬೇಕೆಂದರೆ ಬೀಜ ಬ್ಯಾಂಕುಗಳಿವೆಯಲ್ಲ? ಇಕ್ರಿಸ್ಯಾಟ್‌ನ ಶೀತಲ ಕೋಣೆಗಳಲ್ಲಿ ತೊಗರಿಯ 13 ಸಾವಿರಕ್ಕೂ ಹೆಚ್ಚು ಮಾದರಿಗಳಿವೆ. ದಿಲ್ಲಿಯ ರಾಷ್ಟ್ರೀಯ ಜೀನ್ ಬ್ಯಾಂಕ್ ಇದೆ. ನಾರ್ವೆಯ ಸ್ವಾಲ್‌ಬಾರ್ಡಿನಲ್ಲಿ 2008ರಿಂದ ಹಿಮದಡಿಯ ಭಂಡಾರವಿದೆ. ಬೀಜ ಸಂಗ್ರಹವೇ ಇಲ್ಲದಿದ್ದರೆ ಮಾರುತಿಯೂ ಇರುತ್ತಿರಲಿಲ್ಲ, ಆದ್ದರಿಂದ ಬ್ಯಾಂಕಿನ ಬೆಲೆಯನ್ನು ಅಲ್ಲಗಳೆಯುವಂತಿಲ್ಲ. ಅದಕ್ಕೆ ಎರಡು ಮಿತಿಗಳಿವೆ, ಅಷ್ಟೇ. ಸಂಗ್ರಹಿಸಿದ ದಿನಕ್ಕೆ ಬೀಜದ ವಿಕಾಸ ನಿಂತುಹೋಗುತ್ತದೆ. ಹೊಲದ ಮಣ್ಣಿನಲ್ಲಿ ಶಿಲೀಂಧ್ರದ ವಿಕಾಸ ನಿಲ್ಲುವುದಿಲ್ಲ. ಪ್ರತಿ ವರ್ಷದ ನೆಟೆ, ಬರ, ಅಕಾಲ ಮಳೆಯ ಎದುರು ನಿಂತು ಆಯ್ಕೆಯಾಗುತ್ತಾ ಬರುವುದು ಹೊಲದಲ್ಲಿರುವ ಬೀಜ ಮಾತ್ರ. ಎರಡನೆಯದಾಗಿ, ಬೀಜವೇ ಇಲ್ಲದ ಬಾಳೆಯನ್ನು ಸ್ವಾಲ್‌ಬಾರ್ಡಿನಲ್ಲಿ ಇಡುವಂತಿಲ್ಲ. ಅದನ್ನು ತಿರುಚಿರಾಪಳ್ಳಿಯ ರಾಷ್ಟ್ರೀಯ ಬಾಳೆ ಸಂಶೋಧನಾ ಕೇಂದ್ರದ ತಾಕುಗಳಲ್ಲಿ ಜೀವಂತ ಗಿಡವಾಗಿ ಅಥವಾ ಬೆಲ್ಜಿಯಂನ ಲೂವೆನ್ ಸಂಗ್ರಹದಲ್ಲಿ ಗಾಜಿನ ನಳಿಕೆಯ ಸಸಿಯಾಗಿ ಉಳಿಸಿಕೊಳ್ಳಬೇಕು. ಬ್ಯಾಂಕೂ ಹೊಲವೂ ಒಂದಕ್ಕೊಂದು ಪೂರಕ. ಒಂದಿದೆ ಎಂದು ಇನ್ನೊಂದನ್ನು ಕೈಬಿಡುವಂತಿಲ್ಲ.

ಎರಡನೆಯ ಆಕ್ಷೇಪ ರೈತನ ಕಡೆಯಿಂದ ಬರುವಂಥದ್ದು, ಅದಕ್ಕೆ ಹೆಚ್ಚು ತೂಕವಿದೆ: ಏಕರೂಪದ ಬೆಳೆಗೇ ಬೆಲೆ, ಯಂತ್ರದ ರಾಶಿಗೆ ಅದೇ ಅನುಕೂಲ; ವೈವಿಧ್ಯದ ಹೆಸರಿನಲ್ಲಿ ಇಳುವರಿ ಕಡಿಮೆ ಮಾಡಿಕೊಳ್ಳಲು ರೈತನೇ ಏಕೆ ಸಿಗಬೇಕು? ನ್ಯಾಯವಾದ ಮಾತು. ಆದರೆ ಕಾಳಿನ ಗಾತ್ರ, ಬಲಿಯುವ ಅವಧಿ ಒಂದೇ ಆಗಿದ್ದೂ ರೋಗ ತಡೆಯುವ ಜೀನುಗಳು ಬೇರೆ ಬೇರೆಯಾಗಿರಲು ಅಡ್ಡಿಯಿಲ್ಲ. ಚೀನಾದ ಯುನ್ನಾನ್ ಪ್ರಾಂತದಲ್ಲಿ ಸಾವಿರಾರು ಹೊಲಗಳಲ್ಲಿ ನಡೆದು 2000ದಲ್ಲಿ ಪ್ರಕಟವಾದ ಪ್ರಯೋಗ ಇದನ್ನು ತೋರಿಸಿತು: ಬೆಂಕಿ ರೋಗಕ್ಕೆ ತುತ್ತಾಗುವ ಭತ್ತವನ್ನು ತಡೆಯುವ ತಳಿಯ ಜೊತೆ ಸಾಲು ಬೆರೆಸಿ ನೆಟ್ಟಾಗ, ಒಂಟಿಯಾಗಿ ಬೆಳೆದದ್ದಕ್ಕೆ ಹೋಲಿಸಿದರೆ ರೋಗದ ತೀವ್ರತೆ ಶೇ. 94ರಷ್ಟು ಇಳಿಯಿತು, ಆ ತಳಿಯ ಇಳುವರಿ ಶೇ. 89ರಷ್ಟು ಏರಿತು. ಈ ಲೆಕ್ಕವನ್ನು ತೊಗರಿಗೆ ಹಾಗೆಯೇ ಹಚ್ಚಬಾರದು. ಬೆಂಕಿ ರೋಗ ಗಾಳಿಯಲ್ಲಿ ಹರಡುತ್ತದೆ, ನೆಟೆ ಮಣ್ಣಿನಲ್ಲಿರುತ್ತದೆ. ನೆಟೆಗೆ ತಕ್ಕ ಬೆರಕೆ ಬೇರೆ. ಜೋಳದ ಜೊತೆ ಬೆಳೆದ ತೊಗರಿಯಲ್ಲಿ ನೆಟೆ ಕಡಿಮೆ ಎಂದು ಇಕ್ರಿಸ್ಯಾಟ್ ಪ್ರಯೋಗಗಳೇ ಹೇಳಿವೆ. ಈ ಸೀಮೆಯ ಹಳೆಯ ಜೋಳ–ತೊಗರಿ ಸಾಲುಗಳಿಗೆ ಅದು ವಿಜ್ಞಾನದ ಸಮರ್ಥನೆ. ಇದರ ಜೊತೆಗೆ ಒಂದು ಹೋಬಳಿಯಲ್ಲಿ ಒಂದೇ ತಳಿ ಬೀಳದಂತೆ ಬೀಜ ವಿತರಣೆಯ ಹಂತದಲ್ಲೇ ನೋಡಿಕೊಂಡರೆ ಒಬ್ಬ ರೈತನ ಹೊಲ ಏಕರೂಪವಾಗಿದ್ದೂ ಇಡೀ ಜಿಲ್ಲೆ ಏಕರೂಪವಾಗದೆ ಉಳಿಯುತ್ತದೆ.

ಮೂರನೆಯ ಆಕ್ಷೇಪ, ಇದೆಲ್ಲ ದೇಸಿ ತಳಿಗಳ ಮೇಲಿನ ಹಳಹಳಿಕೆ ಎಂಬುದು. ದೇಸಿ ತಳಿಗಳಲ್ಲಿ ನೆಟೆಗೆ ಬಲಿಯಾಗುವವು ಬೇಕಾದಷ್ಟಿವೆ, ಇಳುವರಿ ಕಡಿಮೆ ಇರುವವೂ ಇವೆ. ಹಳೆಯದೆಲ್ಲ ಒಳ್ಳೆಯದೆಂದು ಇಲ್ಲಿ ಯಾರೂ ಹೇಳುತ್ತಿಲ್ಲ. ಒಂದೊಂದೇ ದೇಸಿ ತಳಿಯನ್ನು ಎತ್ತಿ ಅದರ ಗುಣಗಾನ ಮಾಡುವುದರಿಂದ ಏನೂ ಸಿದ್ಧವಾಗದು. ಬೆಲೆ ಇರುವುದು ಇಡೀ ಗುಂಪಿಗೆ. ನಾಳೆ ಬರುವ ರೋಗಕ್ಕೆ ಯಾವ ಗಿಡ ಎದುರು ನಿಲ್ಲುತ್ತದೆಂದು ಇಂದು ಹೇಳಲು ಬಾರದಿರುವಾಗ, ಗುಂಪು ದೊಡ್ಡದಿದ್ದಷ್ಟೂ ಅದರಲ್ಲಿ ಬೇಕಾದದ್ದು ಇರುವ ಸಂಭವ ಹೆಚ್ಚು. ನಾಲ್ಕನೆಯದು ತಂತ್ರಜ್ಞಾನದ ವಿಶ್ವಾಸ: ಜೀನುಗಳನ್ನೇ ತಿದ್ದುವ ಕಾಲದಲ್ಲಿ ಹಳೆಯ ಭೇದಗಳ ಹಂಗೇಕೆ? ಬೀಜವಿಲ್ಲದ ಬಾಳೆಗೆ ಈ ತಂತ್ರಜ್ಞಾನ ನಿಜಕ್ಕೂ ದೊಡ್ಡ ಭರವಸೆ, ಅದನ್ನು ಒಪ್ಪಲೇಬೇಕು. ಆಸ್ಟ್ರೇಲಿಯಾದಲ್ಲಿ ಟಿಆರ್-4 ತಡೆಯುವಂತೆ ರೂಪಿಸಿದ ಕ್ಯುಸಿಎವಿ-4 ಎಂಬ ಕ್ಯಾವೆಂಡಿಶ್‌ಗೆ 2024ರಲ್ಲಿ ಆಹಾರವಾಗಿ ಮಂಜೂರಾತಿ ಸಿಕ್ಕಿತು. ಆದರೆ ಅದರೊಳಗೆ ಕೂಡಿಸಿದ ಆರ್‌ಜಿಎ-2 ಎಂಬ ಜೀನು ಬಂದದ್ದು ಎಲ್ಲಿಂದ? ಆಗ್ನೇಯ ಏಷ್ಯಾದ ಕಾಡುಬಾಳೆಯಿಂದ. ಜೀನು ತಿದ್ದುವವನಿಗೂ ಯಾವುದನ್ನು ಹೇಗೆ ತಿದ್ದಬೇಕೆಂಬ ಪಾಠ ಬೇಕು, ಆ ಪಾಠ ಪ್ರಕೃತಿಯಲ್ಲಿ ಉಳಿದಿರುವ ಭೇದಗಳಲ್ಲೇ ಇದೆ.

ಇಷ್ಟರಿಂದ ಹೊರಡುವ ಕೆಲಸಗಳು ಎರಡು ಬೆಳೆಗಳಿಗೆ ಎರಡು ಬಗೆ. ತೊಗರಿಗೆ ಬೇಕಾದದ್ದು ಹೊಲದಲ್ಲಿ ಆಯ್ಕೆ ಮುಂದುವರಿಯುವ ಅವಕಾಶ. 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯಿದೆ ರೈತನಿಗೆ ಬೀಜ ಉಳಿಸುವ, ಬಿತ್ತುವ, ಹಂಚುವ ಹಕ್ಕನ್ನು ಕೊಟ್ಟಿದೆ, ರೈತರ ತಳಿಯನ್ನು ನೋಂದಾಯಿಸುವ ದಾರಿಯನ್ನೂ ತೆರೆದಿದೆ. ಕಲಬುರಗಿಯ ಕೃಷಿ ಸಂಶೋಧನಾ ಕೇಂದ್ರ, ರಾಯಚೂರು ಕೃಷಿ ವಿಶ್ವವಿದ್ಯಾಲಯ, ತೊಗರಿ ಅಭಿವೃದ್ಧಿ ಮಂಡಳಿ ಕೂಡಿ ಜಿಲ್ಲೆಯಲ್ಲಿ ಇನ್ನೂ ಉಳಿದಿರುವ ದೇಸಿ ತೊಗರಿಯನ್ನು ಊರೂರಿನಲ್ಲಿ ಗುರುತಿಸಿ, ನೆಟೆ ಇರುವ ಹೊಲಗಳಲ್ಲೇ ಬೆಳೆಸುವ ರೈತರಿಗೆ ಅದಕ್ಕೆಂದೇ ಹಣ ಕೊಡಬಹುದು. ಭೌಗೋಳಿಕ ಸೂಚಿಕೆಯ ಹೆಸರಿನಿಂದ ಬರುವ ಹೆಚ್ಚುವರಿ ಆದಾಯದ ಒಂದು ಪಾಲನ್ನು ಇದಕ್ಕೆ ಮೀಸಲಿಟ್ಟರೆ ಯಾರಿಗೂ ಭಾರವಾಗದು. ಕೆಂಬಾಳೆಯಲ್ಲಿ ಆಯ್ಕೆಗೆ ಅವಕಾಶ ಕಡಿಮೆ, ಆದ್ದರಿಂದ ಎಚ್ಚರವೇ ಅದರ ರಕ್ಷಣೆ: ರೋಗವಿಲ್ಲದ ತಾಯಿತೋಟ, ಹೊರಗಿನಿಂದ ಬರುವ ಕಂದಿನ ಮೇಲೆ ಕಟ್ಟುನಿಟ್ಟಿನ ತಪಾಸಣೆ, ಪರೀಕ್ಷಿಸಿದ ಅಂಗಾಂಶ ಸಸಿ, ಒಂದೂವರೆ ವರ್ಷ ಕಾಯುವ ರೈತನಿಗೆ ಆ ಕಾಯುವಿಕೆಗೆ ತಕ್ಕ ಬೆಲೆ, ಮತ್ತು ಅದೇ ತೋಟದಲ್ಲಿ ಬೇರೆ ಗುಂಪಿನ ಬಾಳೆಗೂ ಜಾಗ. ಕಾಡಿನಿಂದ ಬಂದ ಗಿಡ ಮುಂದೆ ಏನಾಗಬೇಕು ಎಂಬುದನ್ನು ಪ್ರತಿ ವರ್ಷ ಬಿತ್ತುವ ಮುನ್ನ ನಾವು ತೀರ್ಮಾನಿಸುತ್ತಲೇ ಇದ್ದೇವೆ. ಆ ತೀರ್ಮಾನವನ್ನು ಈಗ ಮಿಲ್ಲಿನ ಜರಡಿಯೊಂದೇ ಮಾಡುತ್ತಿದೆ. ಮುಂದಿನ ನೆಟೆಯ ಲೆಕ್ಕವನ್ನೂ ಅದರಲ್ಲಿ ಸೇರಿಸಿದರೆ ಮಾತ್ರ ಕಲಬುರಗಿಯ ತೊಗರಿ, ಕಮಲಾಪುರದ ಕೆಂಬಾಳೆ ಎಂಬ ಹೆಸರುಗಳ ಹಿಂದೆ ಬೆಳೆಯೂ ಉಳಿಯುತ್ತದೆ.